ಸೋಮವಾರದ ಗಾಡಿ

ಹೊಸ ಪೈಸೆ ಬಂದ ವರ್ಷ ಬ್ಯಾಡಗಿಯ ಮನೆ ಬಿಟ್ಟು ಯಲ್ಲಾಪುರದ ಕಾಡಿಗೆ ಬರಲು ಶಿವಪುತ್ರಪ್ಪನಿಗೆ ತಗುಲಿದ ಖರ್ಚು ಹೀಗಿತ್ತು: ಅಂಗಡಿ ಜಾಗಕ್ಕೆ ಮುಂಗಡ ಅರವತ್ತು ರೂಪಾಯಿ, ಮಾಡಿಗೆ ಹೊದಿಸಿದ ತಗಡಿಗೆ ನಲವತ್ತು, ಜೋಳ, ಮೆಣಸಿನಕಾಯಿ, ಎಣ್ಣೆ ಎಂದು ಸಾಮಾನಿಗೆ ನೂರೈವತ್ತು. ಗಾಡಿ, ಎತ್ತು ಸ್ವಂತದವು. ಹೆಂಡತಿ ಗುರುಶಾಂತವ್ವ ಇದಕ್ಕೆ ಇನ್ನೊಂದು ಬಾಬು ಸೇರಿಸಿದ್ದಳು: ಮಗಳು ನೀಲಾಳ ಮೈಯ ಕಸುವು.

ಮಾಗೋಡಿನ ಹಾದಿಯಲ್ಲಿ, ಯಲ್ಲಾಪುರಕ್ಕೆ ಏಳು ಮೈಲು ದೂರದ ಆ ಹಳ್ಳಿಯಲ್ಲಿ ಮರ ಕಡಿಯುವ ಕೂಲಿಗಳು ಬೇಕಾದಷ್ಟಿದ್ದರು, ಅಂಗಡಿಯೇನೋ ನಡೆಯಿತು. ಆದರೆ ಎರಡು ತಿಂಗಳಾಗುವಷ್ಟರಲ್ಲಿ ಐದು ವರ್ಷದ ನೀಲಾಳಿಗೆ ಚಳಿಜ್ವರ ಹಿಡಿಯಿತು. ದಿನ ಬಿಟ್ಟು ದಿನ ಬರುತ್ತಿತ್ತು. ಮನೆಯಲ್ಲಿದ್ದ ಕೌದಿಯನ್ನೆಲ್ಲ ಹೊದಿಸಿದರೂ ಹಲ್ಲು ಕಟಕಟ ಎನ್ನುತ್ತಿದ್ದವು.

ಬ್ಯಾಡಗಿಯಲ್ಲಿ ಡಾಕ್ಟರೆಂದರೆ ಓಣಿಯ ತುದಿಯ ಮನೆ. ಇಲ್ಲಿ ಡಾಕ್ಟರನ್ನು ಹುಡುಕುವುದೇ ಇನ್ನೊಂದು ಜಡ್ಡಾಯಿತು. ಮೊದಲ ಸಲ ಶಿವಪುತ್ರಪ್ಪ ಮಗಳನ್ನು ಹೆಗಲ ಮೇಲೆ ಹೊತ್ತು ಯಲ್ಲಾಪುರಕ್ಕೆ ನಡೆದ. ದವಾಖಾನೆಯ ಬಾಗಿಲಿಗೆ ಬೀಗ. ಬಿಸಿಲಲ್ಲಿ ತಿರುಗಿ ಬರುವಾಗ ಕೂಸಿಗೆ ಎಚ್ಚರ ತಪ್ಪಿತು. ಎರಡನೆಯ ಸಲ ಗಂಡ ಹೆಂಡತಿ ಇಬ್ಬರೂ ಗಾಡಿ ಕಟ್ಟಿಕೊಂಡು ಹೋದರು. ಅಂದು ಮಂಗಳವಾರ.

"ಡಾಕ್ಟರು ಹುಬ್ಬಳ್ಳಿಯಿಂದ ಬರೋದು ಸೋಮವಾರ ಒಂದೇ ದಿನ," ಎಂದ ಪಕ್ಕದ ಚಹಾ ಅಂಗಡಿಯವ. "ನಾಲ್ಕು ಗಂಟೆ ಬಸ್ಸಿಗೆ ಹೋಗಿಬಿಡ್ತಾರೆ. ನಿನ್ನೆ ಬರೂದಲ್ವಾ?"

ಗುರುಶಾಂತವ್ವ ಗಂಡನ ಮುಖ ನೋಡಿದಳು. ಅವನು ಎತ್ತುಗಳ ಮುಖ ನೋಡಿದ. ಅವರ ಸೀಮೆಯಲ್ಲಿ ಸೋಮವಾರ ಬಸವಣ್ಣನ ವಾರ. ಅಂದು ಎತ್ತಿನ ಹೆಗಲ ಮೇಲೆ ನೊಗ ಇಡುವಂತಿಲ್ಲ. ಶಿವಪುತ್ರಪ್ಪನ ಅಪ್ಪ, ಅಜ್ಜ ಯಾರೂ ಇಟ್ಟವರಲ್ಲ.

ಭಾನುವಾರವೇ ಬಂದು ಯಲ್ಲಾಪುರದಲ್ಲಿ ಉಳಿಯುವುದೆಂದು ಇಬ್ಬರೂ ಮಾತಾಡಿಕೊಂಡರು. ಆದರೆ ನೆರೆಮನೆಯ ಕೆರಿಯಪ್ಪನ ಹೆಂಡತಿ ಹೊನ್ನಿ ಕೊಟ್ಟ ಅಮೃತಬಳ್ಳಿಯ ಕಷಾಯಕ್ಕೋ ಏನೋ, ಶನಿವಾರ ಬರಬೇಕಾದ ಜ್ವರ ಬರಲಿಲ್ಲ. ಭಾನುವಾರ ನೀಲಾ ಅಂಗಳದಲ್ಲಿ ಕುಂಟಾಬಿಲ್ಲೆ ಆಡಿದಳು. ಇನ್ನೇಕೆ ಹೋಗುವುದು ಎಂದು ಬಿಟ್ಟರು. ಸೋಮವಾರ ಬೆಳಿಗ್ಗೆ ಜ್ವರ ಬಡ್ಡಿ ಸಮೇತ ಬಂತು. ಕೂಸಿನ ಕಣ್ಣು ಮೇಲಾದವು.

"ಗಾಡಿ ಕಟ್ರಿ," ಎಂದಳು ಗುರುಶಾಂತವ್ವ.

ಶಿವಪುತ್ರಪ್ಪ ಕೊಟ್ಟಿಗೆಯ ಬಾಗಿಲವರೆಗೆ ಹೋದವನು ಅಲ್ಲೇ ನಿಂತ. ನೊಗ ಮುಟ್ಟಲು ಕೈ ಬರಲಿಲ್ಲ. "ನಾಳೆ ಕೂಸಿಗೆ ಏನಾರ ಆದ್ರ, ಬಸವಣ್ಣನ ವಾರ ಮುರದದ್ದಕ್ಕ ಆತು ಅಂತ ಜೀವ ಇರೋತನಕ ಕೊರೀತದ. ಹೊತಗೊಂಡ ಹೋಗ್ತೇನಿ."

"ಈ ಬಿಸಿಲಾಗ? ಹಿಂದಿನ ಸಲ ಏನಾತು, ಮರತ್ರೇನು?"

ಹೋಳಿ ಹಬ್ಬಕ್ಕೆ ಡ್ರೈವರುಗಳು ಊರಿಗೆ ಹೋಗಿದ್ದರಿಂದ ಹಳ್ಳಿಯಿಂದ ಮರದ ನಾಟಾ ಸಾಗಿಸುವ ಲಾರಿಗಳೂ ಇರಲಿಲ್ಲ. ಗುರುಶಾಂತವ್ವ ಜಗಳ ಆಡುತ್ತ ಕೂಡಲಿಲ್ಲ. ನೇರ ಬೇಲಿಯ ಹತ್ತಿರ ಹೋಗಿ ಕೆರಿಯಪ್ಪನನ್ನು ಕೂಗಿದಳು.

"ಅಣ್ಣಾ, ನಿಮ್ಮ ಗಾಡಿ ಕೋಣಕ್ಕ ಸೋಮವಾರ ಅಂತ ಏನಾರ ಐತೇನು?"

"ಕೋಣಕ್ಕೆ ಎಂತಾ ವಾರ, ಅಕ್ಕಾ! ಅದಕ್ಕೆ ಗೊತ್ತಿರೂದು ಹುಲ್ಲು, ಕೆಸರು ಎರಡೇ."

ಕೋಣದ ಗಾಡಿ ಅಂಗಳಕ್ಕೆ ಬಂದದ್ದೇ ಶಿವಪುತ್ರಪ್ಪ ಹೌಹಾರಿದ. "ಯಮನ ವಾಹನಾ ಅದು! ಜಡ್ಡಿನ ಕೂಸನ್ನ ಆ ಗಾಡ್ಯಾಗ ಕೂಡಸ್ತೀ?"

"ಛಲೋನ ಆತಲ್ಲ. ಅವನ ಕೋಣಾ ನಾವ ಹೊಡಕೊಂಡ ಹೋದ್ರ ಅಂವ ನಡಕೋತ ಬರಬೇಕು. ಅಷ್ಟರಾಗ ಡಾಕ್ಟರು ಗುಳಗಿ ಕೊಟ್ಟಿರ್ತಾರ. ಹತ್ರಿ."

ಕೆರಿಯಪ್ಪ ಬಾಯಿಗೆ ಟುವಾಲು ಒತ್ತಿ ನಕ್ಕ. ಶಿವಪುತ್ರಪ್ಪ ಹತ್ತಲಿಲ್ಲ. ಹಣೆ ತುಂಬ ವಿಭೂತಿ ಬಳಿದುಕೊಂಡು ಗಾಡಿಯ ಹಿಂದೆ ನಡೆದ.

ಅವಸರ ಮಾಡುವ ಜಾತಿಯಲ್ಲ ಕೋಣ. ಹೊತ್ತು ನೆತ್ತಿಗೆ ಬಂದಾಗ ಹಾದಿಗೆ ಅಡ್ಡ ಒಂದು ಹಳ್ಳ ಸಿಕ್ಕಿತು. ಎರಡೂ ಕೋಣಗಳು ನೀರಿಗಿಳಿದು ನಿಂತವು. ಮಲಗುವುದಕ್ಕೆಂದು ಮುಂಗಾಲು ಮಡಿಸತೊಡಗಿದವು. ಗಾಡಿ ವಾಲಿತು. ಕೆರಿಯಪ್ಪ ಬಾಲ ತಿರುವಿದ, ಬೈದ, ಬೇಡಿಕೊಂಡ.

"ಮೈ ತಣಿಯೂವರೆಗೆ ಇವು ಕದಲೂದಿಲ್ಲ ಅಕ್ಕಾ. ನೀರು ಹೊಯ್ಯಬೇಕು."

ಗುರುಶಾಂತವ್ವ ನೀರಡಿಕೆಗೆಂದು ತಂದಿದ್ದ ತವರಿನ ತಾಮ್ರದ ತಂಬಿಗೆಯನ್ನು ಗಂಡನತ್ತ ಚಾಚಿದಳು. "ನಾ ಕೂಸಿನ್ನ ಹಿಡೀಲೋ, ಕೋಣಾ ತೊಳೀಲೋ?"

ಶಿವಪುತ್ರಪ್ಪ ಒಮ್ಮೆ ತಂಬಿಗೆ ನೋಡಿದ, ಒಮ್ಮೆ ಮಗಳ ಕೆಂಡದಂಥ ಮುಖ ನೋಡಿದ. ಧೋತರ ಎತ್ತಿ ಕಟ್ಟಿ ನೀರಿಗಿಳಿದ. ಮೊದಮೊದಲು ದೂರದಿಂದಲೇ ಎರಚಿದ. ಆಮೇಲೆ ಹತ್ತಿರ ಹೋಗಿ, ಬೆನ್ನ ಮೇಲೆ ಕೈಯಿಟ್ಟು ಉಜ್ಜತೊಡಗಿದ. "ನಡಿಯಪಾ ನಮ್ಮಪ್ಪಾ, ನಡಿ. ನಿನ್ನ ಕಾಲ ಬೀಳ್ತೀನಿ, ನಡಿ."

"ತಲೆಗೂ ಹಾಕಿ," ಎಂದ ಕೆರಿಯಪ್ಪ, "ಕೋಪ ಅಲ್ಲೇ ಇರೂದು."

ಕೊನೆಗೂ ಕೋಣಗಳು ಬುಸ್ ಎಂದು ಉಸಿರುಬಿಟ್ಟು ದಡ ಹತ್ತಿದವು.

ಯಲ್ಲಾಪುರ ಮುಟ್ಟಿದಾಗ ಡಾಕ್ಟರು ಚೀಲ ಹಿಡಿದು ಮೆಟ್ಟಿಲಿಳಿಯುತ್ತಿದ್ದರು. ಮೈಯೆಲ್ಲ ಕೆಸರಾಗಿ, ವಿಭೂತಿ ಕರಗಿ ಮೂಗಿಗೆ ಇಳಿದ ಗಂಡಸೊಬ್ಬ ಕೂಸನ್ನೆತ್ತಿಕೊಂಡು ಓಡಿಬರುವುದನ್ನು ಕಂಡು, ಏನೂ ಕೇಳದೆ ಒಳಗೆ ತಿರುಗಿದರು. ಕಣ್ಣಿನ ರೆಪ್ಪೆ ಎಳೆದು ನೋಡಿದರು, ಹೊಟ್ಟೆ ಒತ್ತಿ ನೋಡಿದರು, ಸೂಜಿ ಚುಚ್ಚಿದರು.

"ಮಲೇರಿಯಾ. ಮುಂದಿನ ಸೋಮವಾರದವರೆಗೆ ಬಿಟ್ಟಿದ್ದರೆ ನನ್ನ ಕೈಯಲ್ಲೂ ಆಗ್ತಿರಲಿಲ್ಲ. ಈ ಗುಳಿಗೆ ಒಂದು ದಿನವೂ ತಪ್ಪಿಸಬೇಡಿ."

ಹೊರಗೆ ಬಸ್ಸು ಹೊರಟ ಸದ್ದಾಯಿತು. "ನಿಮ್ಮ ಬಸ್ಸು ಹೋತಲ್ರೀ," ಎಂದು ಗುರುಶಾಂತವ್ವ ಚಡಪಡಿಸಿದಳು.

"ಹೋಗಲಿ ಬಿಡಮ್ಮಾ. ಹುಬ್ಬಳ್ಳಿ ರಸ್ತೆಯಲ್ಲಿ ಯಾವುದಾದರೂ ಲಾರಿ ಸಿಗುತ್ತೆ."

ತಿರುಗಿ ಬರುವಾಗ ಸಂಜೆಯಾಗಿತ್ತು. ಶಿವಪುತ್ರಪ್ಪ ಯಾರೂ ಹೇಳದೆಯೇ ಗಾಡಿ ಹತ್ತಿ ಕೂತಿದ್ದ. ಅವನ ತೊಡೆಯ ಮೇಲೆ ಮಲಗಿದ್ದ ನೀಲಾಳ ಹಣೆಯ ಮೇಲೆ ಬೆವರು ಒಡೆಯಿತು. "ಯವ್ವಾ, ರೊಟ್ಟಿ," ಎಂದಿತು ಕೂಸು. ಗುರುಶಾಂತವ್ವ ಅಷ್ಟು ಹೊತ್ತೂ ಅಳದೇ ಇದ್ದವಳು ಆಗ ಅತ್ತಳು.

ಆ ದಿನ ಹೋದದ್ದು ತವರಿನ ತಾಮ್ರದ ತಂಬಿಗೆ. ಅವಸರದಲ್ಲಿ ಹಳ್ಳದಲ್ಲೇ ಬಿಟ್ಟು ಬಂದಿದ್ದರು, ಮತ್ತೆ ಹುಡುಕಿದರೂ ಸಿಗಲಿಲ್ಲ. ದಕ್ಕಿದ್ದು ಒಬ್ಬ ಡಾಕ್ಟರು, ಅಲ್ಲಿಗೆ ಮುಟ್ಟಿಸುವ ಒಬ್ಬ ನೆರೆಯವ. ನೀಲಾ ಉಳಿದಳು.