ದರ್ಜಿ ಬಚ್ಚಿಟ್ಟ ಸಸಿಗಳು

ಜೋರು ಮಳೆ ಬಂತೆಂದರೆ ಗುಡ್ಡದ ಬುಡದಲ್ಲಿದ್ದ ದರ್ಜಿಯ ಮನೆಯೊಳಕ್ಕೆ ಕೆಸರು ನುಗ್ಗುತ್ತಿತ್ತು. ಹೋದ ವರ್ಷ ಹೊಲಿಗೆ ಯಂತ್ರದ ಪೆಡಲ್ ಮುಳುಗಿತ್ತು. ಮರವಿಲ್ಲದ ಗುಡ್ಡ ಮಣ್ಣನ್ನು ಹಿಡಿದಿಡುವುದಾದರೂ ಹೇಗೆ? ಅದಕ್ಕೇ ಗುಡ್ಡದ ಮೇಲೆ ನೆಡಲೆಂದು ಓಣಿಯವರೆಲ್ಲ ಮನೆಮನೆಯಲ್ಲಿ ಸಸಿ ಬೆಳೆಸಿದರು. ದರ್ಜಿಯ ಸಸಿಗಳೇ ಎಲ್ಲರದಕ್ಕಿಂತ ಎತ್ತರ. ಬಂದ ಗಿರಾಕಿಗಳಿಗೆಲ್ಲ ಟೇಪು ಹಿಡಿದು ಅಳೆದು ತೋರಿಸುತ್ತಿದ್ದ.

ಸಸಿತೋಟದಲ್ಲಿ ಕೆಲಸ ಮಾಡುವ ಅವನ ನಾದಿನಿ ಒಂದು ದಿನ ಕತ್ತರಿ ಹಿಡಿದು ಬಂದಳು.

“ಭಾವ, ಇವು ಬರೀ ಉದ್ದ ಬಂದಿವೆ. ತುದಿ ಕತ್ತರಿಸ್ಬೇಕು.”

“ಬೆಳೆಯೋ ಸಿರಿ ಮೊಳಕೇಲೇ ಅಂತಾರೆ. ನೀನು ಸಿರೀನೇ ಕತ್ತರಿಸ್ತೀನಿ ಅಂತೀಯಲ್ಲ!”

“ತುದಿ ತೆಗೆದ್ರೆ ಎಲೆ ಬುಡದ ಕಣ್ಣುಗಳು ಚಿಗುರ್ತವೆ, ಕಾಂಡ ಗಟ್ಟಿಯಾಗುತ್ತೆ. ಗುಡ್ಡದ ಗಾಳಿಗೆ ನಿಲ್ಲೋದು ಅಂಥ ಗಿಡ.”

“ಕತ್ತರಿ ವಿಷಯ ನನಗೆ ಹೇಳಿಕೊಡ್ಬೇಡಮ್ಮ. ಒಮ್ಮೆ ಕತ್ತರಿಸಿದ ಬಟ್ಟೆ ಮತ್ತೆ ಕೂಡಲ್ಲ.”

“ಬಟ್ಟೆ ಚಿಗುರುತ್ತೇನ್ರೀ?” ಒಳಗಿನಿಂದ ಹೆಂಡತಿ ನಕ್ಕಳು.

ಅಕ್ಕತಂಗಿಯರು ಒಂದಾದ ಮೇಲೆ ಅವನ ಮಾತು ಎಲ್ಲಿ ನಡೆದೀತು! ಆದರೂ ಕತ್ತರಿ ಬೀಳುವ ಮೊದಲೇ ಎಲ್ಲಕ್ಕಿಂತ ಎತ್ತರದ ಒಂದಷ್ಟು ಸಸಿಗಳನ್ನು ಹೊಲಿಗೆ ಯಂತ್ರದ ಹಿಂದೆ ಬಚ್ಚಿಟ್ಟ. ಆ ಮಬ್ಬಿನಲ್ಲಿ ಅವು ಕಿಟಕಿಯ ಕಡೆ ಕತ್ತು ಚಾಚಿ ಇನ್ನಷ್ಟು ಉದ್ದವಾದವು. ಅವನಿಗೆ ಹಿಗ್ಗೋ ಹಿಗ್ಗು.

ನೆಡುವ ದಿನ ಬಂತು. ಗುಡ್ಡದ ಮೇಲೆ ಗಾಳಿ ಬೀಸುತ್ತಿತ್ತು. ತುದಿ ಕತ್ತರಿಸಿದ್ದ ಸಸಿಗಳು ಗಿಡ್ಡವಿದ್ದರೂ ಪಕ್ಕಕ್ಕೆ ಚಿಗುರೊಡೆದು ಗಟ್ಟಿಯಾಗಿ ನಿಂತವು. ಬಚ್ಚಿಟ್ಟವು ನೆಟ್ಟ ಕೂಡಲೇ ಒರಗಿದವು. ದರ್ಜಿ ಎತ್ತಿ ನಿಲ್ಲಿಸಿದ, ಮತ್ತೆ ಒರಗಿದವು. ನೇರ ಕೆಳಗೆ ಅವನದೇ ಮನೆಯ ಸೂರು ಕಾಣುತ್ತಿತ್ತು. ಅವನಿಗೆ ನಾಚಿಕೆಯಾಯಿತು, ಅದಕ್ಕಿಂತ ಹೆಚ್ಚಾಗಿ ಹೆದರಿಕೆಯಾಯಿತು.

“ಇವು ಹೋದ ಹಾಗೇನಾ?” ಎಂದ ಸಣ್ಣ ದನಿಯಲ್ಲಿ.

“ಬೇರು ಚೆನ್ನಾಗಿದೆ ಭಾವ. ವಾಪಸ್ ತಗೊಂಡು ಹೋಗಿ ತುದಿ ಕತ್ತರಿಸಿ, ಬೆಳಕಲ್ಲಿಡಿ. ಚಿಗುರಿದ ಮೇಲೆ ನೆಡೋಣ.”

ಈ ಸಲ ಕತ್ತರಿಯನ್ನು ಅವನೇ ಹಿಡಿದ. ನಾದಿನಿ ಹೇಳಿದಂತೆ ಎಲೆ ಬುಡದ ಕಣ್ಣಿನಿಂದ ತುಸು ಮೇಲೆ, ಓರೆಯಾಗಿ ಕತ್ತರಿಸಿದ. ಕೆಲವು ವಾರಗಳಲ್ಲಿ ಚಿಗುರು ಮೂಡಿತು. ಆಮೇಲೆ ಬಂದ ಗಿರಾಕಿಗಳಿಗೆ ಅವನು ಟೇಪು ತೆಗೆಯಲಿಲ್ಲ, ಚಿಗುರು ಎಣಿಸಿ ತೋರಿಸಿದ.

ನಿಮ್ಮ ಅಂಗಳದ ಸಸಿಯೂ ಸಣಕಲಾಗಿ ಉದ್ದ ಬಂದಿದೆಯೇ? ಹಿಗ್ಗಬೇಡಿ. ಎಲ್ಲ ಜಾತಿಗೂ ಕತ್ತರಿ ಒಗ್ಗುವುದಿಲ್ಲ, ಮೊದಲು ಸಸಿತೋಟದವರನ್ನು ಕೇಳಿ. ಅವರು ಹೂಂ ಅಂದರೆ, ತೊಳೆದ ಹರಿತವಾದ ಕತ್ತರಿಯಿಂದ ತುದಿ ತೆಗೆಯಿರಿ. ಆ ಹೊತ್ತಿಗೆ ಬೇಸರವಾಗುತ್ತದೆ, ನಿಜ. ಮನೆಯೊಳಕ್ಕೆ ಕೆಸರು ನುಗ್ಗಿದಾಗಿನ ಸಂಕಟದ ಮುಂದೆ ಅದೇನೂ ಅಲ್ಲ.