ಪಾದರಸ ಇಳಿದ ಬೆಳಿಗ್ಗೆ

ನಾನು ಒಂದು ವಾಯುಭಾರ ಮಾಪಕ. ಜರ್ಮನಿಯ ಒಬ್ಬ ಕುಶಲಕರ್ಮಿ ಗಾಜು ಊದಿ ನನ್ನ ನಳಿಗೆ ಮಾಡಿದ, ಪಾದರಸ ತುಂಬಿದ, ಮರದ ಹಲಗೆಗೆ ಕೂರಿಸಿದ. ಗಾಳಿಯ ಭಾರ ಕುಗ್ಗಿದರೆ ನನ್ನ ಪಾದರಸ ಇಳಿಯುತ್ತದೆ. ತೀರಾ ಇಳಿದರೆ ಬಿರುಗಾಳಿಯ ಸೂಚನೆ. ಇಷ್ಟೇ ನನ್ನ ವಿದ್ಯೆ. ಒಬ್ಬ ಪಾದ್ರಿಯ ಪೆಟ್ಟಿಗೆಯಲ್ಲಿ ಮಲಗಿ, ಕಡಲು ದಾಟಿ, ಕುಂದಾಪುರದ ಉತ್ತರಕ್ಕಿದ್ದ ಮೀನುಗಾರರ ಊರಿಗೆ ಬಂದೆ.

ಪಾದ್ರಿ ಜ್ವರಕ್ಕೆ ಬೇಸತ್ತು ತಮ್ಮ ದೇಶಕ್ಕೆ ಮರಳುವಾಗ ನನ್ನನ್ನು ಉಪದೇಶಿ ನತಾನಿಯೇಲ ಕುಂದರರಿಗೆ ಕೊಟ್ಟರು. ಒಳ್ಳೆಯ ಮನುಷ್ಯ, ಕೊಂಚ ಆತುರಗಾರ. ಕ್ರೈಸ್ತರಾದವರು ಹಲ್ಲಿ ಶಕುನ ಕೇಳಿ ದೋಣಿ ಇಳಿಸಬಾರದೆಂದು ಭಾನುವಾರ ತಪ್ಪದೆ ಬೋಧಿಸುತ್ತಿದ್ದರು. ಒಂದು ಸಂಜೆ ನಾಲ್ಕಕ್ಕೆ ನಾನು ಕೂದಲೆಳೆಯಷ್ಟು ಇಳಿದದ್ದನ್ನು ಕಂಡು ಓಡಿಹೋಗಿ ಚರ್ಚಿನ ಗಂಟೆ ಬಾರಿಸಿ, ರಾತ್ರಿಯ ಮೀನಿಗೆ ಹೊರಟಿದ್ದ ದೋಣಿಗಳನ್ನೆಲ್ಲ ನಿಲ್ಲಿಸಿದರು. ಬಿರುಗಾಳಿ ಬರಲಿಲ್ಲ. ಬಂದದ್ದು ಬಂಗುಡೆ ಮೀನು, ಅದನ್ನು ಪಕ್ಕದೂರಿನವರು ಬಾಚಿಕೊಂಡರು.

ವಿಧವೆ ದೆಬೋರಕ್ಕನ ಮಗನ ದೋಣಿಯೂ ಅಂದು ದಡದಲ್ಲೇ ಉಳಿದಿತ್ತು. ಮರುದಿನ ಅವಳು ಎಲ್ಲರೆದುರು ಕೇಳಿದಳು: “ಉಪದೇಶಿಗಳೇ, ಹಲ್ಲಿ ಮಾತ್ ಕೇಂಬುಕಾಗ ಅಂದ್ರಿ. ಈಗ ಗಾಜಿನ್ ನಳಿಗೆ ಮಾತ್ ಕೇಣ್ಕಾ?” ಊರೆಲ್ಲ ನಕ್ಕಿತು. ನನಗೂ ನಾಚಿಕೆಯಾಯಿತು.

ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ನತಾನಿಯೇಲರು ಹಾಗನ್ನಲಿಲ್ಲ. ಮೊಣಕಾಲೂರಿ ಪ್ರಾರ್ಥಿಸಿ, ಹಾಳೆಗಳನ್ನು ಹೊಲಿದು ಪುಸ್ತಕ ಮಾಡಿ, ಮೊದಲ ಪುಟದಲ್ಲಿ ಆ ದಿನದ ತಾರೀಖು ಹಾಕಿ “ನನ್ನ ತಪ್ಪು” ಎಂದು ಬರೆದರು. ಅಲ್ಲಿಂದ ದಿನಕ್ಕೆ ಮೂರು ಸಲ ನನ್ನ ಅಳತೆ ಗುರುತು ಹಾಕಿದರು. ವರ್ಷ ತುಂಬುವಷ್ಟರಲ್ಲಿ ಗುಟ್ಟು ತಿಳಿಯಿತು: ಈ ಸೀಮೆಯಲ್ಲಿ ನಾನು ನಿತ್ಯವೂ ಬೆಳಿಗ್ಗೆ ಹತ್ತರವರೆಗೆ ಕೊಂಚ ಏರುತ್ತೇನೆ, ನಾಲ್ಕರ ಹೊತ್ತಿಗೆ ಕೊಂಚ ಇಳಿಯುತ್ತೇನೆ. ಬಿರುಗಾಳಿಗೂ ಅದಕ್ಕೂ ಸಂಬಂಧವಿಲ್ಲ.

ದೀಪಾವಳಿ ಕಳೆದ ಮೇಲೆ ಒಂದು ಬೆಳಿಗ್ಗೆ, ಏರಬೇಕಾದ ಹೊತ್ತಿನಲ್ಲಿ ನಾನು ಇಳಿಯುತ್ತಲೇ ಹೋದೆ. ಹೊರಗೆ ಎಳೆಬಿಸಿಲು, ದೋಣಿಗಳು ಹೊರಡುವ ಸಮಯ. ಈ ಸಲವೂ ತಪ್ಪಿದರೆ ಅವರ ಬೋಧನೆಗೂ ಕಿವಿಗೊಡುವವರಿಲ್ಲ. ಸುಮ್ಮನಿದ್ದರೆ ನಲವತ್ತು ಜೀವಗಳ ಪ್ರಶ್ನೆ. ನತಾನಿಯೇಲರು ಪುಸ್ತಕ ಕಂಕುಳಲ್ಲಿಟ್ಟುಕೊಂಡು ಓಡಿ ಗಂಟೆಯ ಹಗ್ಗ ಎಳೆದರು.

ದೆಬೋರಕ್ಕ ಸೆರಗು ಸಿಕ್ಕಿಸಿಕೊಂಡು ಜಗಳಕ್ಕೇ ಬಂದಳು. ಅವರು ಪುಸ್ತಕ ಬಿಚ್ಚಿ ಮೊದಲ ಪುಟ ಓದಿ ಹೇಳಿದರು. “ಇದ್ ನಾನ್ ತಪ್ಪಿದ್ ದಿನ, ಅಕ್ಕ. ಹಲ್ಲಿ ತಪ್ಪಿದ್ ದಿನ ಯಾರಾರೂ ಬರ್ದಿಟ್ಟಿದ್ರಾ?”

ಅವಳು ಸಿಕ್ಕಿಸಿದ್ದ ಸೆರಗು ಬಿಚ್ಚಿದಳು. ಆಮೇಲೆ, “ನಮ್ಮವ್ರ್ ಕಡಲಿಗ್ ಹ್ವಾದ್ ದಿನ ಹಲ್ಲಿ ಒಳ್ಳೇದೇ ಹೇಳಿತ್” ಎಂದಳು, ಅಂದು ತಿರುಗಿ ಬಾರದ ಗಂಡನನ್ನು ನೆನೆದು. ನೇರ ದಡಕ್ಕೆ ಹೋಗಿ ಮಗನ ದೋಣಿಯನ್ನು ಮೇಲಕ್ಕೆ ಎಳೆಸಿದಳು. ಅದನ್ನು ಕಂಡು ಉಳಿದವರೂ ಎಳೆದರು. ಮಧ್ಯಾಹ್ನ ಬಂದ ಗಾಳಿ ಊರಿನ ಅರ್ಧ ಸೂರು ಹಾರಿಸಿತು. ಜನ ಮಾತ್ರ ಅಷ್ಟೂ ಉಳಿದರು.

ಮರುದಿನ ದೆಬೋರಕ್ಕ ನನಗೆ ಅಬ್ಬಲಿಗೆ ಮಾಲೆ ಹಾಕಿದಳು. ಸುಳ್ಳೇಕೆ, ನನಗೆ ಹಿಗ್ಗಾಯಿತು. ಉಪದೇಶಿ ಅದನ್ನು ಮೆಲ್ಲಗೆ ತೆಗೆದು ಅವಳ ಕೈಗೇ ಕೊಟ್ಟರು. “ಇದಕ್ ಹೂ ಬ್ಯಾಡ ಅಕ್ಕ. ಇದನ್ನ್ ಓದುಕ್ ಕಲಿ.” ಐವತ್ತು ದಾಟಿದ ಹೆಂಗಸು ಮೊದಲು ನನ್ನಿಂದ ಅಂಕಿ ಕಲಿತಳು, ಆಮೇಲೆ ಅಕ್ಷರ.

ಈಗ ನನ್ನ ನಳಿಗೆ ಬಿರುಕು ಬಿಟ್ಟಿದೆ. ಸಂಡೇ ಸ್ಕೂಲಿನ ಮೂಲೆಯಲ್ಲಿ ಖಾಲಿ ನಿಂತಿದ್ದೇನೆ. ದೇವರನ್ನು ನಂಬುವವರು ಅಳತೆಯನ್ನೇಕೆ ನಂಬಬೇಕೆಂದು ಕೆಲವರು ಕೇಳುತ್ತಿದ್ದರು. ನನಗೆ ತೋಚಿದ್ದು ಇಷ್ಟು: ದೇವರ ಮುಂದೆ ತಪ್ಪೊಪ್ಪಿಕೊಂಡು ರೂಢಿಯಾದವರಿಗೆ ಅದನ್ನು ಊರ ಮುಂದೆ ಬರೆದಿಡುವುದೂ ಸಾಧ್ಯವಾಯಿತು.

ನನ್ನ ನಳಿಗೆ ಇನ್ನೂ ಗಟ್ಟಿಯಿದ್ದಾಗಲೇ ನತಾನಿಯೇಲರು ತೀರಿಕೊಂಡರು. ಆ ಬೆಳಿಗ್ಗೆ ಮನೆ ತುಂಬ ಅಳು. ದೆಬೋರಕ್ಕ ಹತ್ತು ಗಂಟೆಗೆ ಸರಿಯಾಗಿ ನನ್ನ ಮುಂದೆ ನಿಂತಳು, ಕಣ್ಣೊರೆಸಿಕೊಂಡು ಎರಡು ಸಲ ನೋಡಿದಳು. ಪುಸ್ತಕದಲ್ಲಿ ಗುಂಡಗಿನ ಅಕ್ಷರಗಳಲ್ಲಿ ಬರೆದಳು: “ಪಾದರಸ ಎಂದಿನಂತೆ ಏರಿದೆ. ಉಪದೇಶಿಗಳು ಇಲ್ಲ.”