ಬೀಳದ ಬೂದಿ

ಸಿಗಲಿಲ್ಲ ಎಂದು ಯಂತ್ರ ಏಳನೆಯ ಸಲ ಹೇಳಿತು.

ಮಧ್ವೇಶ ಪರದೆಯನ್ನೇ ನೋಡಿದ. ಫಾಲ್ ಎಂಬ ಹೆಸರಿನ ಒಂದು ತುಂಡನ್ನು ಪ್ರೋಗ್ರಾಮು ಕರೆಯುತ್ತಿದೆ. ಆ ಹೆಸರಿನದು ಎಲ್ಲಿಯೂ ಇಲ್ಲ. ಅವನ ಫೋರ್ಟ್ರಾನ್ ಸಾಲುಗಳಲ್ಲಿ ಒಂದೂ ತಪ್ಪಿಲ್ಲವೆಂದು ಕಂಪೈಲರ್ ಬೆಳಿಗ್ಗೆಯೇ ಒಪ್ಪಿತ್ತು. ತುಂಡುಗಳನ್ನೆಲ್ಲ ಜೋಡಿಸಿ ಒಂದು ಮಾಡಬೇಕಾದ ಲಿಂಕರ್ ಮಾತ್ರ ಒಪ್ಪುತ್ತಿರಲಿಲ್ಲ.

ಸಂಜೆ ಐದಕ್ಕೆ ಸ್ಟೋರಿನವರು ಬಂದು ಹಳೆಯ ಯಂತ್ರವನ್ನು ಒಯ್ಯುವವರಿದ್ದರು. ಅಷ್ಟರೊಳಗೆ ಪ್ರೋಗ್ರಾಮು ಹೊಸದರಲ್ಲಿ ಓಡಬೇಕು, ಎರಡರ ಉತ್ತರವೂ ಒಂದೇ ಎಂಬ ಪ್ರಮಾಣಪತ್ರಕ್ಕೆ ಅವನು ಸಹಿ ಮಾಡಬೇಕು. ಉತ್ತರ ಸರಿಯೇ ಎಂದು ಈ ಸಂಸ್ಥೆಯಲ್ಲಿ ಯಾರೂ ಕೇಳುವುದಿಲ್ಲ. ಹಳೆಯದಕ್ಕೆ ಹೊಂದುತ್ತದೆಯೇ ಎಂದು ಕೇಳುತ್ತಾರೆ.

ಅದು ಬೂದಿಯ ಪ್ರೋಗ್ರಾಮು. ಉಷ್ಣ ವಿದ್ಯುತ್ ಸ್ಥಾವರವೊಂದರ ಚಿಮಣಿಯಿಂದ ಹೊರಟ ಬೂದಿ ಸುತ್ತಲಿನ ಯಾವ ಊರಿನ ಮೇಲೆ ತಿಂಗಳಿಗೆ ಎಷ್ಟು ಬೀಳುತ್ತದೆಂದು ಹೇಳುವುದು ಅದರ ಕೆಲಸ. ಒಂಬತ್ತು ವರ್ಷಗಳಿಂದ, ಪ್ರತಿ ಮಾರ್ಚಿನಲ್ಲಿ, ನಗಣ್ಯ ಎಂದು ಅದು ಹೇಳುತ್ತಿತ್ತು.

ದೀಪಾಲಿ ಅವನ ಕುರ್ಚಿಯ ಹಿಂದೆ ಬಂದು ನಿಂತಳು. ಪ್ರಾಜೆಕ್ಟ್ ಅಸಿಸ್ಟೆಂಟು, ಇಲ್ಲಿಯ ಗಾಂಧಿಬಾಗ್ ಪೇಟೆಯ ಬಟ್ಟೆ ವ್ಯಾಪಾರಿಯ ಮಗಳು, ಮೂಲತಃ ವಿಜಾಪುರದ ಕಡೆಯವಳು; ಓದಿದ್ದೆಲ್ಲ ಮರಾಠಿಯಲ್ಲಿ.

"ಸರ್, ಲೈಬ್ರರಿ ಹೆಸರು ಮೊದಲಿಗೇ ಬರದೀರಿ. ಕೊನೀಗೆ ಹಾಕ್ರಿ."

"ಅದರಿಂದೇನು?"

"ಇದು ಎಡದಿಂದ ಬಲಕ್ಕ ಓದತೈತಿ. ಒಮ್ಮೆ ದಾಟಿದ್ದನ್ನ ತಿರುಗಿ ನೋಡಂಗಿಲ್ಲ."

ಫಾಲ್ ಇದ್ದದ್ದು ಲೈಬ್ರರಿ ಎಂಬ ಆ ಸಿದ್ಧ ತುಂಡುಗಳ ಕಟ್ಟಿನಲ್ಲಿ. ಕೊನೆಗೆ ಹಾಕಿದ. ಲಿಂಕರ್ ಸುಮ್ಮನಾಯಿತು. ಹಳೆಯ ಯಂತ್ರದಲ್ಲಿ ಇದೇ ಸಾಲು, ಲೈಬ್ರರಿ ಮೊದಲಿಗಿದ್ದೂ, ಒಂಬತ್ತು ವರ್ಷ ತಕರಾರಿಲ್ಲದೆ ಓಡಿತ್ತು. ಹೇಗೆ ಓಡಿತೆಂದು ಅವನು ಆಗ ಯೋಚಿಸಲಿಲ್ಲ. ಊಟದ ಹೊತ್ತಾಗಿತ್ತು.

ಮನೀಶ್ ನಗರದ ಮನೆಯಿಂದ ಚಾರುಲತಾ ಫೋನ್ ಮಾಡಿದಳು. ಹೂಂ ಎಂದ. ಮತ್ತೊಮ್ಮೆ ಹೂಂ ಎಂದ. ಫೋನಿಟ್ಟ ಮೇಲೆ ಹೆಂಡತಿ ಏನು ಕೇಳಿದಳೆಂದು ನೆನಪಾಗಲಿಲ್ಲ. ನೆನಪಿಸಿಕೊಳ್ಳಲು ಪ್ರಯತ್ನಿಸಲೂ ಇಲ್ಲ.

ಊಟ ಮುಗಿಸಿ ಬಂದಾಗ ದೀಪಾಲಿ ಎರಡು ಕಾಗದಗಳನ್ನು ಪಕ್ಕಪಕ್ಕದಲ್ಲಿಟ್ಟಿದ್ದಳು. ಸ್ಥಾವರಕ್ಕೆ ನಾಲ್ಕು ಕಿಲೋಮೀಟರಿನ ಒಂದು ಊರಿನ ಎದುರು ಹಳೆಯ ಯಂತ್ರ ಸೊನ್ನೆ ಎಂದಿತ್ತು. ಹೊಸದು ಚದರ ಮೀಟರಿಗೆ ಹನ್ನೊಂದು ಗ್ರಾಂ ಎಂದಿತ್ತು.

"ಹೊಸಾದು ತಪ್ಪಿರಬೇಕು," ಎಂದ.

"ಪಣ್... ಆದ್ರ ಸರ್, ಹಳೇದರಾಗ ಒಂದು ಜಾಸ್ತಿ ಫೈಲ್ ಐತಿ. ನಾವು ತಂದೇ ಇಲ್ಲ. ಟೆಂಪ್ ಅಂತ ಹೆಸರು."

ತೆರೆದಳು. ನಾಲ್ಕು ಸಾಲು. ಫಾಲ್ ಎಂಬ ಹೆಸರು, ವೇಗ ಸೊನ್ನೆ, ಹಿಂತಿರುಗು, ಮುಗಿಯಿತು. ಮೇಲೆ ಇಂಗ್ಲಿಷ್ ಅಕ್ಷರಗಳಲ್ಲಿ ಕನ್ನಡದ ಒಂದು ಟಿಪ್ಪಣಿ. ಕನ್ನಡ ಅಕ್ಷರ ಬಾರದ ದೀಪಾಲಿ ಅದನ್ನು ಸರಾಗವಾಗಿ ಓದಿದಳು.

"ಕೇದಾರನಾಥ ಕೊಡುವ ತನಕ. ನಾಳೆ ತೆಗೆಯಬೇಕು." ಫೈಲಿನ ತಾರೀಖು ನೋಡಿ ನಕ್ಕಳು. "ತೊಂಬತ್ಮೂರರ ನಾಳೆ. ಇನ್ನೂ ಬಂದಿಲ್ಲ ನೋಡ್ರಿ. ಯಾರು ಬರದದ್ದು ಸರ್?"

"ಯಾರೋ."

ಕೇದಾರನಾಥ ಅವನ ಸಹೋದ್ಯೋಗಿಯಾಗಿದ್ದ. ಆರು ಅಡಿಯ ಗಾಜಿನ ಕೊಳವೆಯಲ್ಲಿ ಬೂದಿಯನ್ನು ಉದುರಿಸಿ, ತಳ ಮುಟ್ಟುವ ತನಕ ಸ್ಟಾಪ್‌ವಾಚ್ ಹಿಡಿದು ನಿಲ್ಲುತ್ತಿದ್ದ. ಬೂದಿ ಬೀಳುವ ವೇಗವನ್ನು ಹೀಗೆ ಅಳೆದು ಫಾಲ್ ಬರೆಯಲು ಅವನಿಗೆ ಮೂರು ತಿಂಗಳು ಹಿಡಿಯಿತು. ಅದು ಕೈಗೆ ಬರುವವರೆಗೆ ಲಿಂಕರಿನ ಬಾಯಿ ಮುಚ್ಚಿಸಲೆಂದು ಮಧ್ವೇಶ ಅದೇ ಹೆಸರಿನ ಟೊಳ್ಳು ಫಾಲ್ ಒಂದನ್ನು ಬರೆದಿಟ್ಟ. ಕರೆದರೆ ಬರುತ್ತದೆ, ಏನೂ ಮಾಡುವುದಿಲ್ಲ, ಹಿಂತಿರುಗುತ್ತದೆ. ಕೇದಾರನಾಥನ ಲೈಬ್ರರಿ ಬಂದಾಗ ಅದನ್ನು ಸೇರಿಸಿದ. ಟೊಳ್ಳನ್ನು ತೆಗೆಯಲಿಲ್ಲ. ಸಾಲಿನ ಮೊದಲಿಗಿದ್ದ ಲೈಬ್ರರಿಯನ್ನು, ಫಾಲ್ ಬೇಕೆಂದು ಗೊತ್ತಾಗುವ ಮೊದಲೇ, ಲಿಂಕರ್ ದಾಟಿಬಿಡುತ್ತಿತ್ತು; ಆಮೇಲೆ ಹುಡುಕಿದಾಗ ಸಿಗುತ್ತಿದ್ದದ್ದು ಟೊಳ್ಳು. ಲಿಂಕರ್ ಮೊದಲು ಸಿಕ್ಕದ್ದನ್ನು ನಂಬುತ್ತದೆ. ಒಮ್ಮೆ ಸಿಕ್ಕ ಮೇಲೆ ಹುಡುಕುವುದಿಲ್ಲ.

ಒಂಬತ್ತು ವರ್ಷ ಕೇದಾರನಾಥನ ಕೆಲಸವನ್ನು ಯಾರೂ ಒಮ್ಮೆಯೂ ಕರೆದಿರಲಿಲ್ಲ. ಮೊದಲ ವರದಿಯ ಕೊನೆಯಲ್ಲಿ ಮಧ್ವೇಶ ಅವನಿಗೆ ಕೃತಜ್ಞತೆ ಹೇಳಿದ್ದ. ಅವನು ಕೆಲಸ ಬಿಟ್ಟು ಹೋಗಿ ಆರು ವರ್ಷವಾಗಿತ್ತು.

ನಾಚಿಕೆಯಾಗಬೇಕಿತ್ತು ಎಂದುಕೊಂಡ. ಕಾದ. ಆಗಲಿಲ್ಲ.

ರಾಮಲಿಂಗಪ್ಪನವರು ವಿಭಾಗದ ಮುಖ್ಯಸ್ಥರು. ಎರಡೂ ಕಾಗದಗಳನ್ನು ಕನ್ನಡಕ ಏರಿಸಿ ನೋಡಿದರು. ಮಧ್ವೇಶ ವಿಷಯ ಹೇಳಿದ; ಯಾರೋ ಮಾಡಿದ ತಪ್ಪನ್ನು ವಿವರಿಸುವಂತೆ, ಕ್ರಮವಾಗಿ, ತಾರೀಖುಗಳ ಸಮೇತ ಹೇಳಿದ.

"ಮಧ್ವೇಶ ಅವರ, ಬದಲಾಗಿದ್ದು ಮಷೀನು. ಉತ್ತರ ಯಾಕ ಬದಲಾಗಬೇಕು?"

"ಹಳೇದು ತಪ್ಪು ಸರ್."

"ಒಂಬತ್ತು ವರದಿ. ನಿಮ್ಮ ಸಹಿ ಐತಿ, ಅದರ ಕೆಳಗ ನಂದೂ ಐತಿ." ಅವರು ಕಾಗದಗಳನ್ನು ಒಂದರ ಮೇಲೊಂದು ಇಟ್ಟರು. "ಆ ಊರಾಗ ಬೂದಿ ಬೀಳೂದನ್ನ ನೀವು ನೋಡೀರೇನು?"

"ಇಲ್ಲ."

"ಎಷ್ಟು ದೂರ ಐತಿ?"

"ಬಸ್ಸಿನಲ್ಲಿ ಒಂದು ಗಂಟೆ."

"ಮತ್ತ?"

ರಾಮಲಿಂಗಪ್ಪನವರು ಚಹಾ ತರಿಸಿದರು, ಮಗಳ ಅಡ್ಮಿಷನ್ ಏನಾಯಿತೆಂದು ಕೇಳಿದರು. ಅವನು ಏಳುವಾಗ, ಸ್ಟೋರಿನವರು ಐದಕ್ಕೆ ಬರೋಬರ್ ಬರುತ್ತಾರೆಂದು ನೆನಪಿಸಿದರು.

ಅವನು ಟೊಳ್ಳು ಫೈಲನ್ನು ಫ್ಲಾಪಿಗೆ ಹಾಕಿ ಹೊಸ ಯಂತ್ರಕ್ಕೆ ತಂದ. ಆಜ್ಞೆಯ ಸಾಲಿನಲ್ಲಿ ಅದರ ಹೆಸರನ್ನು ಲೈಬ್ರರಿಗಿಂತ ಮೊದಲು ಬರೆದ. ಎಂಟರ್ ಒತ್ತಿದರೆ ಉತ್ತರ ಸೊನ್ನೆಯಾಗುತ್ತದೆ, ಎರಡು ಯಂತ್ರಗಳೂ ಒಂದಾಗುತ್ತವೆ. ದೀಪಾಲಿ ನೋಡುತ್ತಿದ್ದಳು. ಆಮೇಲೆ, ಬಸ್ಸಿಗೆ ಹೊತ್ತಾಯಿತೆಂದು ಹೇಳಿ, ಬಸ್ಸಿನ ಹೊತ್ತಿಗೆ ಇನ್ನೂ ಒಂದು ಗಂಟೆ ಇರುವಾಗಲೇ ಹೊರಟಳು.

ಐದಕ್ಕೆ ಇಬ್ಬರು ಬಂದು ಹಳೆಯ ಯಂತ್ರವನ್ನು ತಳ್ಳುಗಾಡಿಯ ಮೇಲೆ ಒಯ್ದರು. ಅದಿದ್ದ ಜಾಗದಲ್ಲಿ ಮೇಜಿನ ಬಣ್ಣ ಹೊಸದಾಗಿ ಉಳಿದಿತ್ತು. ಸಹಿಯಿಲ್ಲದ ಪ್ರಮಾಣಪತ್ರವನ್ನು ಅಲ್ಲಿಟ್ಟ.

ಪೆನ್ನಿಗಾಗಿ ಡ್ರಾಯರ್ ಎಳೆದಾಗ ಲಕೋಟೆ ಕೈಗೆ ತಗುಲಿತು. ಆ ಊರಿನ ಶಾಲೆಯ ಹೆಡ್‌ಮಾಸ್ತರರು ನಾಲ್ಕು ವರ್ಷದ ಹಿಂದೆ ಕಳಿಸಿದ್ದು. ಶಾಲೆಯ ಜಗಲಿಯಿಂದ ಒಂದು ಬೆಳಿಗ್ಗೆ ಗುಡಿಸಿದ್ದು ಎಂದು ಲಕೋಟೆಯ ಮೇಲೆಯೇ ಮರಾಠಿಯಲ್ಲಿ ಬರೆದಿದ್ದರು. ಪರಿಶೀಲಿಸಲಾಗಿದೆ, ತಮ್ಮ ಊರಿನಲ್ಲಿ ಬೂದಿ ಬೀಳುವುದಿಲ್ಲ, ಡಾಂಬರಿಲ್ಲದ ರಸ್ತೆಯ ಧೂಳಿರಬಹುದು ಎಂದು ಅವನು ಉತ್ತರಿಸಿದ್ದ. ಲಕೋಟೆಯ ಅಂಟು ಮಾತ್ರ ಒಡೆದಿರಲಿಲ್ಲ.

ಈಗ ಒಡೆದ. ಮೇಜಿನ ಮೇಲೆ ಬೋರಲು ಹಾಕಿದ. ತಲೆಯ ಮೇಲೆ ಫ್ಯಾನು ತಿರುಗುತ್ತಿತ್ತು. ಬೂದಿ ಎದ್ದಿತು. ಪಶ್ಚಿಮದ ಕಿಟಕಿಯಿಂದ ಬಂದ ಬಿಸಿಲಿನಲ್ಲಿ ಅದು ತೆಳ್ಳಗೆ, ಬಣ್ಣವಿಲ್ಲದೆ ನಿಂತುಕೊಂಡಿತು.

ಫ್ಯಾನು ಆರಿಸಲು ಅವನು ಏಳಲಿಲ್ಲ. ಒಂದು ಬೆರಳು ಎಂಟರ್ ಕೀಲಿಯ ಮೇಲಿತ್ತು. ಕೇದಾರನಾಥ ಎಣಿಸುತ್ತಿದ್ದಂತೆ ಸೆಕೆಂಡುಗಳನ್ನು ಎಣಿಸತೊಡಗಿದ. ಮುನ್ನೂರರವರೆಗೆ ಎಣಿಸಿದ. ಬೂದಿ ಇನ್ನೂ ಗಾಳಿಯಲ್ಲೇ ಇತ್ತು.

ಮತ್ತೆ ಒಂದರಿಂದ ಶುರು ಮಾಡಿದ.